ಬಿಳಿ ಧೋತರ ಉಟ್ಟು ನಗುವುದು

ನಮ್ಮವರು ನಕ್ಕರೆ ಓಣಿಯ ನಾಯಿಗಳು ಎದ್ದು ಕೂರುತ್ತಿದ್ದವು. ಇದು ಹೊಗಳಿಕೆಯಲ್ಲ, ದೂರು. ಮದುವೆಯಾಗಿ ಬಂದ ಹೊಸದರಲ್ಲಿ ಆ ನಗುವಿಗೆ ಬೆಚ್ಚಿಬಿದ್ದು ನಾನು ಕಾಯಿಸಿದ ಹಾಲನ್ನೆಲ್ಲ ಒಲೆಯ ಮೇಲೆ ಚೆಲ್ಲಿ ಅತ್ತೆಯಿಂದ ಬೈಸಿಕೊಂಡಿದ್ದೆ. ಹೊಟ್ಟೆಯ ತಳದಲ್ಲಿ ಹುಟ್ಟಿ, ಎದೆಯಲ್ಲಿ ಗುಡುಗಿ, ಮೀಸೆಯ ಎರಡೂ ತುದಿಯಿಂದ ಹೊರಬೀಳುವ ನಗು ಅದು. ಕೊಲ್ಲಾಪುರದಲ್ಲಿ ಹಿಂದೂರಾವ್ ಮೋರಬಾಳೆ ಪೈಲ್ವಾನರ ಕುಸ್ತಿ ನೋಡದವರು ಸಿಗಬಹುದು, ನಗು ಕೇಳದವರು ಸಿಗುವುದು ಕಷ್ಟ. ಈಗ ಅವರಿಗೆ ಎಪ್ಪತ್ತೆರಡು. ತಾವು ಅಖಾಡಕ್ಕೆ ಇಳಿಯುವುದನ್ನು ಬಿಟ್ಟು ಬಹಳ ಕಾಲವಾಯಿತು. ನಮ್ಮ ಪೇಟೆಯ ತಾಲೀಮಿನಲ್ಲಿ, ಅಂದರೆ ಗರಡಿಮನೆಯಲ್ಲಿ, ಹುಡುಗರಿಗೆ ಪಟ್ಟು ಕಲಿಸುವ ವಸ್ತಾದರಾಗಿದ್ದಾರೆ.

ಹೋದ ವರ್ಷ ಅವರಿಗೆ ಪ್ರಾಸ್ಟೇಟ್ ಗ್ರಂಥಿಯ ಆಪರೇಷನ್ ಆಯಿತು. ಕೆಟ್ಟದ್ದನ್ನೆಲ್ಲ ತೆಗೆದುಹಾಕಿದ್ದೇವೆ, ಇನ್ನು ಚಿಂತೆಯಿಲ್ಲ ಎಂದು ಡಾಕ್ಟರು ಬೆನ್ನು ತಟ್ಟಿ ಕಳಿಸಿದರು. ಚಿಂತೆ ಶುರುವಾದದ್ದೇ ಮನೆಗೆ ಬಂದ ಮೇಲೆ. ಮೂತ್ರ ನಿಲ್ಲುತ್ತಿರಲಿಲ್ಲ. ಕುರ್ಚಿಯಿಂದ ಎದ್ದರೆ ಒಂದಿಷ್ಟು, ಸೀನಿದರೆ ಒಂದಿಷ್ಟು. ಮೊದಲೇ ಅವರಿಗೆ ಹಳೆಯ ಉಬ್ಬಸ. ಕೆಮ್ಮು ಅವರ ಜೊತೆಗೇ ಎದ್ದು ಅವರ ಜೊತೆಗೇ ಮಲಗುವಂಥದ್ದು. ಕೆಮ್ಮಿದರೆ ಇನ್ನಷ್ಟು. ನಕ್ಕರೆ ಮಾತ್ರ ಇಷ್ಟು ಅಷ್ಟು ಎನ್ನುವ ಮಾತೇ ಇಲ್ಲ, ಪೂರ್ತಿ.

ಹಾಗಾಗಿ ನಗುವುದನ್ನೇ ಬಿಟ್ಟರು. ಬೀಡಿ ಬಿಟ್ಟವರನ್ನು ನೋಡಿದ್ದೇನೆ, ಮಟನ್ ಬಿಟ್ಟವರನ್ನೂ ಒಬ್ಬಿಬ್ಬರನ್ನು ನೋಡಿದ್ದೇನೆ, ನಗು ಬಿಟ್ಟವರನ್ನು ನೋಡಿದ್ದು ಅದೇ ಮೊದಲು. ಟಿವಿಯಲ್ಲಿ ತಮಾಷೆ ಬಂದರೆ ಎದ್ದು ವಾರ್ತೆ ಹಚ್ಚುವರು. ಮೊಮ್ಮಗಳು ಮಂಗಾಟ ಮಾಡಿದರೆ ಗೋಡೆ ಕಡೆ ತಿರುಗಿ ಕೂರುವರು. ದೊಡ್ಡವರಿಗೆ ಕಟ್ಟುವ ಡೈಪರ್ ಸಿಗುತ್ತದಲ್ಲ, ತಂದುಕೊಡುತ್ತೇನೆ ಎಂದರೆ ಮುಖ ಕೆಂಪಾಯಿತು. "ಲಂಗೋಟಿ ಕಟ್ಟಿದ ಸೊಂಟಕ್ಕ ಅದನ್ನ ಕಟ್ಟೂದಿಲ್ಲ" ಎಂದರು. ಸೊಂಟದ ಮರ್ಯಾದೆ ಉಳಿಯಿತು, ಬಟ್ಟೆ ಒಗೆಯುವುದು ನನ್ನ ಪಾಲಿಗೆ ಬಂತು.

ಎಲ್ಲಕ್ಕಿಂತ ಕೆಟ್ಟದ್ದು ಧೋಂಡೀಬಾನ ವಿಷಯ. ಧೋಂಡೀಬಾ ಸುತಾರ ಇವರ ಜೋಡಿಯ ಪೈಲ್ವಾನ. ಹುಡುಗರಾಗಿದ್ದಾಗಿನಿಂದ ಇಬ್ಬರೂ ಒಂದೇ ಕೆಂಪು ಮಣ್ಣಿನಲ್ಲಿ ಹೊರಳಿ ಬೆಳೆದವರು. ಸಂಜೆಯಾದರೆ ಇಬ್ಬರೂ ಹಾಲಿನ ಕಟ್ಟೆಗೆ ಹೋಗಬೇಕು, ಎದುರಿಗೇ ಎಮ್ಮೆ ಹಿಂಡಿಸಿಕೊಂಡು ನೊರೆ ಹಾಲು ಕುಡಿಯಬೇಕು, ಧೋಂಡೀಬಾ ಏನಾದರೂ ಹೇಳಬೇಕು, ಇವರು ನಗಬೇಕು. ಧೋಂಡೀಬಾ ಬಾಯಿ ತೆರೆದರೆ ನಗದೆ ಇರುವುದು ಎಮ್ಮೆಗಳಿಗೆ ಮಾತ್ರ ಸಾಧ್ಯ. ಆದ್ದರಿಂದ ನಮ್ಮವರು ಕಟ್ಟೆಗೆ ಹೋಗುವುದನ್ನೇ ನಿಲ್ಲಿಸಿದರು. ದಾರಿಯಲ್ಲಿ ಧೋಂಡೀಬಾ ಕಂಡರೆ ಪಕ್ಕದ ಸಂದಿಗೆ ತಿರುಗುವರು. ಕಾರಣ ಹೇಳಲಿಲ್ಲ. ಅದೇ ವರ್ಷ ಇವರನ್ನು ತಾಲೀಮಿನ ಅಧ್ಯಕ್ಷರನ್ನಾಗಿ ಮಾಡಿದ್ದರಿಂದ, ಮನುಷ್ಯನಿಗೆ ಕುರ್ಚಿ ಸಿಕ್ಕಿ ಸೊಕ್ಕು ಬಂದಿದೆ ಎಂದು ಧೋಂಡೀಬಾ ತಾನೇ ತೀರ್ಮಾನಿಸಿಕೊಂಡ.

ಗಣಪತಿ ಮುಳುಗಿಸಿದ ಮಾರನೆಯ ದಿನ ಅವನೇ ಮನೆಗೆ ಬಂದ. ಕೂರಲಿಲ್ಲ. ಚಹಾ ಮಾಡುತ್ತೇನೆ ಎಂದರೆ ಬೇಡ ಎಂದ. ಹೊಸ್ತಿಲಲ್ಲೇ ನಿಂತು, ತನಗೆ ಎಪ್ಪತ್ತೈದು ತುಂಬುತ್ತಿರುವುದರಿಂದ ಮಕ್ಕಳು ಡಿಸೆಂಬರಿನಲ್ಲಿ ಅಮೃತ ಮಹೋತ್ಸವದ ಸತ್ಕಾರ ಇಟ್ಟಿದ್ದಾರೆಂದೂ, ದೊಡ್ಡ ಹಾಲ್ ಹಿಡಿದಿದ್ದಾರೆಂದೂ, ಪಂಕ್ತಿಗೆ ಮಟನ್ ಉಂಟೆಂದೂ ಹೇಳಿದ. ಆಮೇಲೆ ಇವರ ಕಡೆ ನೋಡಿದ.

"ನನ್ನ ತಲಿಗೆ ಫೇಟಾ ನೀನ ಕಟ್ಟಬೇಕು, ಹಿಂದ್ಯಾ. ಬರಲಿಲ್ಲಂದ್ರ ನಾ ಸತ್ತ ದಿನಾನೂ ಬರಬ್ಯಾಡ."

ಅಷ್ಟು ಹೇಳಿ ಹೊರಟುಹೋದ. ಐವತ್ತು ವರ್ಷದಲ್ಲಿ ಧೋಂಡೀಬಾ ನಮ್ಮ ಮನೆಯಲ್ಲಿ ಒಂದೂ ತಮಾಷೆ ಆಡದೆ ಹೋದದ್ದು ಅದೊಂದೇ ಸಲ. ನಮ್ಮವರು ಹೊಸ್ತಿಲನ್ನೇ ನೋಡುತ್ತ ಕೂತರು. ವೇದಿಕೆಯ ಮೇಲೆ, ಬಿಳಿ ನೆಹರೂ ಅಂಗಿ ಬಿಳಿ ಧೋತರ ಉಟ್ಟು, ಸಾವಿರ ಜನರ ಎದುರಿಗೆ, ಧೋಂಡೀಬಾನ ಪಕ್ಕದಲ್ಲಿ ಮೂರು ಗಂಟೆ ಕೂರುವುದು. ಅವನು ಮೈಕ್ ಹಿಡಿದರೆ ಇವರ ಗತಿಯೇನು? ಹೋಗದಿದ್ದರೆ ಗೆಳೆಯ ಹೋದ. ಹೋದರೆ ಧೋತರ ಹೋಯಿತು.

ಆಗ ನಾನು ಬಾಯಿ ಬಿಟ್ಟೆ. ಆಪರೇಷನ್ ಮಾಡಿದ ಡಾಕ್ಟರು ಮೊದಲ ದಿನವೇ ಹೇಳಿದ್ದರು, ಸೊಂಟದ ತಳಕ್ಕೆ ಫಿಜಿಯೋಥೆರಪಿ ಮಾಡಿಸಿ ಎಂದು. ಇವರು ಹೂಂ ಎಂದು ತಲೆಯಾಡಿಸಿ ಬಂದಿದ್ದರು. ಫಿಜಿಯೋಥೆರಪಿ ಎಂದರೆ ಮೊಣಕಾಲಿಗೆ ಕರೆಂಟು ಹಿಡಿಸುವುದು, ಅದಕ್ಕೂ ಮೂತ್ರಕ್ಕೂ ಏನು ಸಂಬಂಧ ಎಂಬುದು ಅವರ ವಾದ. ಸಂಬಂಧ ಇದೆಯೋ ಇಲ್ಲವೋ ನಾಳೆ ಹೋಗಿ ಕೇಳೋಣ, ಇಲ್ಲದಿದ್ದರೆ ನಾನೇ ಧೋಂಡೀಬಾನ ಮನೆಗೆ ಹೋಗಿ ಎಲ್ಲ ಹೇಳಿಬರುತ್ತೇನೆ ಎಂದೆ. ಹೆದರಿದರು. ಎದುರಾಳಿಗೆ ಹೆದರದವರು ನನ್ನ ಬಾಯಿಗೆ ಹೆದರುತ್ತಾರೆ, ಅಷ್ಟರಮಟ್ಟಿಗೆ ಬುದ್ಧಿವಂತರು.

ಕ್ಲಿನಿಕ್ಕಿನಲ್ಲಿ ಕೂತವರೆಲ್ಲ ಹೆಂಗಸರು. ಹೆಚ್ಚಿನವರು ಬಾಣಂತಿಯರು, ಮಡಿಲಲ್ಲಿ ಕೂಸು. ಗೋಡೆಯ ಮೇಲೆ ಸೊಂಟದ ಎಲುಬಿನ ಚಿತ್ರ. ನಮ್ಮವರು ಹೆಗಲ ಮೇಲಿನ ಉಪರಣೆಯಿಂದ ಮುಖ ಮುಚ್ಚಿಕೊಂಡು ಮೂಲೆಯಲ್ಲಿ ಕೂತರು. ಆರಡಿ ಎರಡಂಗುಲದ ದೇಹ, ಒತ್ತಿ ಒತ್ತಿ ಹೂಕೋಸಿನಂತಾದ ಕಿವಿ. ಮುಖ ಮುಚ್ಚಿ ಏನು ಪ್ರಯೋಜನ? ಎದುರಿನ ಹುಡುಗಿ ಎದ್ದು ನಿಂತು, ವಸ್ತಾದ, ರಾಮರಾಮ, ನಮ್ಮಪ್ಪ ನಿಮ್ಮ ತಾಲೀಮಿನವರು ಎಂದಳು. ನಮ್ಮವರು ಒಂದು ಕ್ಷಣವೂ ತಡೆಯದೆ ನನ್ನ ಕಡೆ ಕೈ ತೋರಿಸಿದರು.

"ಇವಳ ಮೊಣಕಾಲು. ಪಾಪ, ನಡೆಯಾಕ ಬರೂದಿಲ್ಲ."

ಅಲ್ಲಿಯವರೆಗೆ ನಾನು ಚೆನ್ನಾಗಿಯೇ ನಡೆಯುತ್ತಿದ್ದೆ. ನಮ್ಮನ್ನು ಕರೆದಾಗ ನಾನು ಕುಂಟುತ್ತ ಒಳಗೆ ಹೋದೆ. ಸಂಜೆಯೊಳಗೆ ಸುದ್ದಿ ನಮ್ಮ ಓಣಿ ಮುಟ್ಟಿತ್ತು. ನೆರೆಮನೆಯ ಅಕ್ಕಾತಾಯಿ ಎಳ್ಳೆಣ್ಣೆ ಕಾಯಿಸಿ ತಂದಳು. ಅಲ್ಲಿಂದ ಮುಂದೆ ನನಗೆ ಮನೆಯ ಹೊರಗೆ ನೆಟ್ಟಗೆ ನಡೆಯುವ ಭಾಗ್ಯವಿರಲಿಲ್ಲ.

ಫಿಜಿಯೋಥೆರಪಿಯ ಹುಡುಗಿ ಅನುಜಾ. ಒಂದು ಹಿಡಿ ಹುಡುಗಿ, ಇವರ ತೋಳಿನಷ್ಟೂ ದಪ್ಪವಿಲ್ಲ. ಎಲ್ಲ ಕೇಳಿಕೊಂಡಳು. ಎಷ್ಟು ನೀರು ಕುಡಿಯುತ್ತೀರಿ ಎಂದು ಕೇಳಿದರೆ ಇವರು, ಕುಡಿಯುವುದನ್ನೇ ಬಿಟ್ಟಿದ್ದೇನೆ ಎಂದು ಜಾಣತನದಿಂದ ಹೇಳಿದರು. ಅದೇ ತಪ್ಪು ಎಂದಳು. ನೀರು ಕಡಿಮೆಯಾದರೆ ಮೂತ್ರ ಗಾಢವಾಗಿ ಮೂತ್ರಚೀಲವನ್ನು ಕೆರಳಿಸುತ್ತದೆ, ಆಗ ಅವಸರ ಇನ್ನೂ ಹೆಚ್ಚುತ್ತದೆ. ದಿನಕ್ಕೆ ಆರು ಕಪ್ಪು ಚಹಾ, ಮೇಲೆ ಮಟನ್ನಿನ ಕೆಂಪು ಖಾರದ ತಾಂಬಡಾ ರಸ್ಸಾ, ಎರಡನ್ನೂ ಇಳಿಸಬೇಕು. ರಸ್ಸಾದ ಮಾತು ಬಂದಾಗ ನಮ್ಮವರು ಎದ್ದು ಹೊರಡುವುದರಲ್ಲಿದ್ದರು, ನಾನು ಅಂಗಿ ಹಿಡಿದು ಕೂರಿಸಿದೆ.

ಸೊಂಟದ ತಳದಲ್ಲಿ ಜೋಳಿಗೆಯಂತೆ ಕಟ್ಟಿರುವ ಸ್ನಾಯುಗಳಿವೆ, ಒಳಗಿನದೆಲ್ಲ ಅದರ ಮೇಲೆ ಕೂತಿರುತ್ತದೆ, ಆಪರೇಷನ್ನಿನ ನಂತರ ಅದೇ ಕಾವಲು ಕಾಯಬೇಕು, ಅದು ಸೋತಿದೆ ಎಂದು ಅನುಜಾ ವಿವರಿಸಿದಳು. ಸೋತಿದೆ ಎಂಬ ಮಾತು ಇವರಿಗೆ ಹಿಡಿಸಲಿಲ್ಲ. ತಮ್ಮ ಮೈಯಲ್ಲಿ ತಮಗೆ ಗೊತ್ತಿಲ್ಲದ ಸ್ನಾಯು ಯಾವುದೂ ಇಲ್ಲ, ಒಂದೊಂದನ್ನೂ ಹೆಸರು ಹಿಡಿದು ಕುಣಿಸಬಲ್ಲೆ ಎಂದರು. ಸರಿ, ಮಲಗಿ, ಇದನ್ನು ಕುಣಿಸಿ ಎಂದು ಅವಳು ಕಿಬ್ಬೊಟ್ಟೆಯ ಮೇಲೆ ಸ್ಕ್ಯಾನ್ ಮಾಡುವ ಯಂತ್ರದ ಹಿಡಿ ಒತ್ತಿಹಿಡಿದಳು. ಪರದೆಯ ಮೇಲೆ ಮೂತ್ರಚೀಲ ಕಪ್ಪಗೆ ಕಾಣುತ್ತಿತ್ತು. ಕೆಳಗಿನ ಸ್ನಾಯು ಬಿಗಿಯಾದರೆ ಚೀಲದ ತಳ ಮೇಲೇಳಬೇಕು.

ನಮ್ಮವರು ಉಸಿರು ಕಟ್ಟಿದರು. ತೊಡೆ ಬಿಗಿಯಾಯಿತು. ಕುಂಡಿ ಎದ್ದಿತು. ಭುಜ, ಕತ್ತು, ದವಡೆ, ಕೊನೆಗೆ ಮೀಸೆ. ಮಂಚ ಕಿರುಗುಟ್ಟಿತು. ಪರದೆಯ ಮೇಲಿನದು ಮಾತ್ರ ಜಗ್ಗಲಿಲ್ಲ.

"ಕಾಕಾ, ಎಲ್ಲಾ ಬಂತು, ಅದೊಂದ ಬಿಟ್ಟು" ಎಂದಳು ಅನುಜಾ. "ಉಸಿರು ಬಿಡ್ರಿ. ಮಾರಿ ಸಡಿಲ ಇರಲಿ. ಹೊರಗ ನಿಂತವರಿಗೆ ಏನೂ ಗೊತ್ತಾಗಬಾರ್ದು."

ಮತ್ತೆ ಮತ್ತೆ ಮಾಡಿಸಿದಳು. ಗಾಳಿ ತಡೆದಂತೆ ಮಾಡಿ ಎಂದಳು. ಇವರು ಜೀವನದಲ್ಲಿ ಗಾಳಿ ತಡೆದವರಲ್ಲ, ಅದಕ್ಕೆ ನಾನೇ ಸಾಕ್ಷಿ. ಧಾರೆ ನಿಲ್ಲಿಸಿದಂತೆ ಎಂದಳು. ಮತ್ತೆ ಮೀಸೆಯೇ ಎದ್ದಿತು. ಕೊನೆಗೆ ನನಗೆ ತಡೆಯಲಾಗಲಿಲ್ಲ. ಮಾಘದ ಚಳಿಯಲ್ಲಿ ಬೆಳಗಿನ ಜಾವ ಪಂಚಗಂಗೆಗೆ ಸ್ನಾನಕ್ಕೆ ಇಳಿಯುತ್ತಿದ್ದಿರಲ್ಲ, ನೀರು ತೊಡೆ ದಾಟಿ ಮೇಲೆ ಬಂದಾಗ ಏನಾಗುತ್ತಿತ್ತು, ಅದನ್ನು ನೆನೆಸಿಕೊಳ್ಳಿ ಎಂದೆ. ನಮ್ಮವರ ಕಣ್ಣು ದೊಡ್ಡವಾದವು. ಪರದೆಯ ಮೇಲೆ ಚೀಲದ ತಳ ಎಳ್ಳುಕಾಳಿನಷ್ಟು ಮೇಲೆ ಎದ್ದಿತು. ಅನುಜಾ ಚಪ್ಪಾಳೆ ತಟ್ಟಿದಳು. ನಮ್ಮವರು ಮಂಚದ ಮೇಲೆಯೇ ತೊಡೆ ತಟ್ಟಿ ಷಡ್ಡು ಹೊಡೆದರು. ಎಳ್ಳುಕಾಳಿಗೆ ಇಷ್ಟು ಸಂಭ್ರಮವೇ ಎಂದು ನನಗೆ ಅನ್ನಿಸಿದರೂ ಖುಷಿಯಾಗದೆ ಇರಲಿಲ್ಲ.

ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಹತ್ತು ಸಲ, ಪ್ರತಿ ಸಲವೂ ಬಿಗಿ ಹಿಡಿದಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಬೇಕು. ಇಷ್ಟೇ ಮನೆಪಾಠ. ಹೊರಗೆ ಬಂದ ಮೇಲೆ ನಮ್ಮವರು ಗೊಣಗಿದರು, ಹತ್ತು ಎಂಬುದು ಬಾಣಂತಿಯರಿಗೆ ಹೇಳುವ ಮಾತು ಎಂದು.

ಇಲ್ಲಿಯೇ ಎಡವಟ್ಟಾದದ್ದು. ಪೈಲ್ವಾನರ ತಲೆಯಲ್ಲಿ ಒಂದೇ ವಿದ್ಯೆ ಇರುವುದು, ಹೆಚ್ಚು ಮಾಡು. ಸಾವಿರ ಬೈಠಕ್ ಹೊಡೆದು ಬೆಳೆದವರಿಗೆ ಹತ್ತು ಎಂದರೆ ಅವಮಾನ. ಎಚ್ಚರವಿದ್ದಷ್ಟು ಹೊತ್ತೂ ಬಿಗಿಹಿಡಿಯತೊಡಗಿದರು. ಊಟಕ್ಕೆ ಕೂತಾಗ, ಪೇಪರ್ ಓದುವಾಗ, ದೇವರಿಗೆ ಕೈಮುಗಿದಾಗ. ನಾನು ಮಾತಾಡಿಸಿದರೆ ಬೆರಳೆತ್ತಿ ತಡೆ ಎನ್ನುವರು. ಸಾಲದ್ದಕ್ಕೆ ತಾಲೀಮಿನಲ್ಲೂ ಶುರುಮಾಡಿದರು. ಇದು ಹಳೆಯ ವಸ್ತಾದರು ಗುಟ್ಟಾಗಿ ಇಟ್ಟಿದ್ದ ಒಳಜೋರು, ಇದರಿಂದ ಪಟ್ಟು ಗಟ್ಟಿಯಾಗುತ್ತದೆ ಎಂದು ಹುಡುಗರಿಗೆ ಹೇಳಿದರಂತೆ. ಒಂದು ಬೆಳಗ್ಗೆ ಡಬ್ಬಿ ಕೊಡಲು ಹೋಗಿ ನೋಡುತ್ತೇನೆ, ಲಂಗೋಟಿ ಕಟ್ಟಿದ ಇಪ್ಪತ್ತು ದಾಂಡಿಗರು ಮಣ್ಣಿನ ಮೇಲೆ ಸಾಲಾಗಿ, ಸಂತರಂತೆ ಅಲ್ಲಾಡದೆ ಕೂತಿದ್ದಾರೆ. ಯಾರ ಮುಖದಲ್ಲೂ ಏನೂ ಇಲ್ಲ. ನಮ್ಮವರು ನಡುವೆ ಓಡಾಡುತ್ತ, ಯಾರೂ ಮೀಸೆ ಬಿಗಿಮಾಡಬಾರದು ಎಂದು ಗದರಿಸುತ್ತಿದ್ದಾರೆ. ಮಗನನ್ನು ಕುಸ್ತಿ ಕಲಿಯಲು ಕಳಿಸಿದರೆ ನೀವು ಸನ್ಯಾಸಿ ಮಾಡುತ್ತಿದ್ದೀರಾ ಎಂದು ಒಬ್ಬ ತಂದೆ ಜಗಳಕ್ಕೆ ಬಂದಿದ್ದ. ಇನ್ನೊಬ್ಬ ಹೆಂಗಸು ಎಲ್ಲಿಂದಲೋ ಬಂದು ಆ ಸಾಲಿಗೆ ತೆಂಗಿನಕಾಯಿ ಒಡೆದು ಕೈಮುಗಿದು ಹೋದಳು.

ಎರಡು ವಾರ ಹೀಗೆ ನಡೆಯಿತು. ಆಮೇಲೆ ಸ್ಥಿತಿ ತಿರುವುಮುರುವಾಯಿತು. ಬೇಕೆಂದಾಗ ಮೂತ್ರ ಬರದು. ಗಂಟೆಗಟ್ಟಲೆ ಬಚ್ಚಲಲ್ಲಿ ನಿಲ್ಲುವರು. ಹೊರಗೆ ಬಂದು ಒಂದು ಕೆಮ್ಮು ಕೆಮ್ಮಿದರೆ ಮೊದಲಿಗಿಂತ ಹೆಚ್ಚು ಸೋರುವುದು. ಸೊಂಟದ ಕೆಳಗೆಲ್ಲ ನೋವು. ಧೋಂಡೀಬಾನ ಸತ್ಕಾರದ ಫ್ಲೆಕ್ಸ್ ಬೇರೆ ಚೌಕಿನಲ್ಲಿ ಎದ್ದುಬಿಟ್ಟಿತ್ತು. ಅದರಲ್ಲಿ ಧೋಂಡೀಬಾನ ದೊಡ್ಡ ಮುಖ, ಪಕ್ಕದಲ್ಲಿ ಇವರ ಮುಖ. ನಮ್ಮವರು ಆ ದಾರಿಯನ್ನೂ ಬಿಟ್ಟರು. ರಾತ್ರಿ ಊಟ ಮಾಡದೆ, ಶಾಲನ್, ನನಗೆ ಆರಾಮಿಲ್ಲ ಎಂದು ಧೋಂಡ್ಯಾನಿಗೆ ಹೇಳಿಕಳಿಸು ಎಂದು ನನಗೆ ಹೇಳಿದರು. ಆ ದನಿ ಕೇಳಿ ನನಗೆ ಸಿಟ್ಟು ಬರಲಿಲ್ಲ, ಹೇಳಿಯೂ ಕಳಿಸಲಿಲ್ಲ.

ಮರುದಿನ ಕುಂಟುತ್ತ ಕರೆದುಕೊಂಡು ಹೋದೆ. ಅನುಜಾ ಪರೀಕ್ಷಿಸಿ, ದಿನಕ್ಕೆ ಎಷ್ಟು ಸಲ ಮಾಡಿದಿರಿ ಎಂದು ಕೇಳಿದಳು. ನಮ್ಮವರು ಹೆಮ್ಮೆಯಿಂದ ಸಾವಿರ ಎಂದರು. ಅವಳು ಪೆನ್ನು ಕೆಳಗಿಟ್ಟಳು. ಆಮೇಲೆ ಕೇಳಿದಳು.

"ಕಾಕಾ, ಮುಂಜಾನೆಯಿಂದ ಮುಷ್ಟಿ ಬಿಗಿದುಕೊಂಡ ಕುಂತ ಪೈಲ್ವಾನ ಸಂಜೀಕ ಅಖಾಡಕ್ಕ ಇಳಿದ್ರ ಎದುರಿನವನ ಕೈ ಹಿಡಿತಾನೇನ್ರಿ?"

"ಹ್ಯಾಂಗ ಹಿಡಿತಾನ? ಬಟ್ಟು ಬಿಚ್ಚಿದ್ರಲ್ಲಾ ಹಿಡಿಯೂದು" ಎಂದರು ನಮ್ಮವರು. ಹೇಳಿ ಮುಗಿಯುವಷ್ಟರಲ್ಲಿ ಅವರಿಗೇ ಅರ್ಥವಾಯಿತು. ಕೈ ಹಣೆಗೆ ಹೋಯಿತು.

ಅಲ್ಲಿಂದ ಮುಂದೆ ಬಿಗಿಹಿಡಿಯುವುದಲ್ಲ, ಬಿಡುವುದು ಕಲಿಸಿದಳು. ಅದು ಇನ್ನೂ ಕಷ್ಟ. ಮಲಗಿಸಿ, ಕಾಲು ಮಡಿಸಿ, ಹೊಟ್ಟೆ ಉಬ್ಬುವಂತೆ ಉಸಿರು ತೆಗೆದುಕೊಳ್ಳಿ, ಕೆಳಗೆ ಎಲ್ಲ ಬಿಟ್ಟುಬಿಡಿ ಎಂದರೆ ಇವರಿಗೆ ಬಿಡಲಿಕ್ಕೇ ಬರದು. ಇಡೀ ಆಯುಷ್ಯ ಯಾರಿಗೂ ಬಿಟ್ಟುಕೊಡದೆ ಬದುಕಿದವರು. ಮೂರನೆಯ ವಾರ ಹಾಗೆ ಮಲಗಿದವರು ಮಂಚದ ಮೇಲೆಯೇ ಗೊರಕೆ ಹೊಡೆದರು. ನಾನು ಎಬ್ಬಿಸಲು ಹೋದೆ. ಬೇಡ ಕಾಕೂ, ಈಗಲೇ ಸರಿಯಾಗಿ ಬಿಟ್ಟಿದ್ದಾರೆ ಎಂದು ಅನುಜಾ ಪರದೆ ತೋರಿಸಿದಳು. ಹೊರಗೆ ಬಾಣಂತಿಯರು ಕಾಯುತ್ತಿದ್ದರು, ಒಳಗೆ ವಸ್ತಾದರ ಗೊರಕೆ.

ಉಬ್ಬಸ ಹೋಗುವಂಥದ್ದಲ್ಲ, ಕೆಮ್ಮು ಬರುವುದೇ. ಬರುವ ಮುಂಚೆ ತಳವನ್ನು ಬಿಗಿಹಿಡಿದುಬಿಡಿ, ಕೆಮ್ಮಿ, ಬಿಡಿ ಎಂದು ಕಲಿಸಿದಳು. ಇದರಲ್ಲಿ ಮಾತ್ರ ನಮ್ಮವರು ನಿಜವಾದ ಪೈಲ್ವಾನರು. ಎದುರಾಳಿ ಪಟ್ಟು ಹಾಕುವ ಮುಂಚೆ ಅವನ ಭುಜ ಇಳಿಯುತ್ತದೆ, ಅದನ್ನು ನೋಡಿದವನು ಗೆಲ್ಲುತ್ತಾನೆ ಎಂದು ಹುಡುಗರಿಗೆ ಹೇಳುವವರಲ್ಲವೇ. ಕೆಮ್ಮಿಗೂ ಹಾಗೇ, ಬರುವ ಮುಂಚೆ ಗಂಟಲಲ್ಲಿ ಒಂದು ಕೆರೆತ ಇರುತ್ತದಂತೆ. ಅದು ಬಂದದ್ದೇ ಕೆಳಗೆ ಚಿಲಕ ಹಾಕಿಬಿಡುವರು. ನವೆಂಬರಿನ ಕೊನೆಗೆ ಕೆಮ್ಮು ಕೆಮ್ಮಾಗಿಯೇ ಉಳಿಯಿತು, ಒಗೆಯುವ ಬಟ್ಟೆ ಮಾತ್ರ ಅರ್ಧಕ್ಕೆ ಇಳಿಯಿತು.

ಆದರೆ ನಗು ಹೇಳಿಕೇಳಿ ಬರುವುದಿಲ್ಲ. ಧೋಂಡೀಬಾನ ಮಾತಿನ ಭುಜ ಇಳಿಯುವುದೇ ಇಲ್ಲ. ನಗುವುದನ್ನೂ ಅಭ್ಯಾಸ ಮಾಡಿ, ಕಾಕೂ ನೀವು ನಗಿಸಿ ಎಂದಳು ಅನುಜಾ. ಅವಳಿಗೇನು ಗೊತ್ತು ನನ್ನ ಕಥೆ. ನಾನು ನಗೆಮಾತು ಹೇಳಿದರೆ ಸತ್ತವರ ಮನೆಯ ಸುದ್ದಿ ಹೇಳಿದಂತಿರುತ್ತದೆ. ಆದರೂ ದಿನಾ ಸಂಜೆ ಎದುರು ಕೂತು ಪೇಪರಿನ ನಗೆಹನಿಗಳನ್ನು ಓದಿದೆ. ಇವರು ಕೋರ್ಟಿನಲ್ಲಿ ಕೂತವರಂತೆ ಕೇಳುವರು, ಮುಗಿದ ಮೇಲೆ, ಆಮೇಲೆ ಏನಾಯಿತು ಎನ್ನುವರು. ಧೋಂಡೀಬಾನಂತೆ ಮಾತಾಡಿ ತೋರಿಸಿದೆ. ಮುಖ ಸೊಟ್ಟ ಮಾಡಿದೆ. ಅರವತ್ತಾರರ ಹೆಂಗಸು ನಡುಮನೆಯಲ್ಲಿ ಎಮ್ಮೆಯಂತೆ ಕೂಗಿದೆ. ಅಯ್ಯೋ ಪಾಪ ಎಂಬಂತೆ ನೋಡಿದರು.

ಕಡೆಗೆ ನಗಿಸಿದ್ದು ಅಕ್ಕಾತಾಯಿ. ನಾನು ಸಂತೆಯಿಂದ ಬರುತ್ತ ಮನೆ ಮುಂದೆ ನೆನಪಾಗಿ ಕುಂಟತೊಡಗಿದೆ. ಅವಳು ಕಟ್ಟೆಯಿಂದಲೇ ಕೂಗಿದಳು.

"ಶಾಲನಕ್ಕಾ, ನಿನ್ನೀತನಕ ಎಡಗಾಲಿತ್ತು. ಇವತ್ತ ಬಲಗಾಲೇನ? ಪಾಳಿ ಹಚ್ಚೀಯೇನ?"

ನಾನು ನಡುರಸ್ತೆಯಲ್ಲಿ ನಿಂತು ಯಾವ ಕಾಲು ಎಂದು ನೋಡಿಕೊಳ್ಳುತ್ತಿದ್ದೆ. ಒಳಗಿನಿಂದ ಒಂದು ಸದ್ದು ಬಂತು. ಮೊದಲು ಉಬ್ಬಸ ಎಂದುಕೊಂಡೆ. ಆಮೇಲೆ ಓಣಿಯ ಕೊನೆಯ ನಾಯಿ ಎದ್ದು ಕೂತಿತು. ಚೀಲ ಅಲ್ಲೇ ಬಿಟ್ಟು ಎರಡೂ ಕಾಲಿನಿಂದ ಓಡಿದೆ. ನಮ್ಮವರು ಕಿಟಕಿಯ ಸರಳು ಹಿಡಿದು ನಗುತ್ತಿದ್ದರು. ನಗು ನಿಂತ ಮೇಲೆ ಬಚ್ಚಲಿಗೆ ಹೋಗಿ ನೋಡಿಕೊಂಡು ಬಂದರು. ಒಂದು ಚಮಚದಷ್ಟು, ಅಷ್ಟೇ ಎಂದರು. ಅಕ್ಕಾತಾಯಿಗೆ ನನ್ನ ಓಟ ನೋಡಿ ತನ್ನ ಎಣ್ಣೆಯ ಮೇಲೆ ಅಪಾರ ಭಕ್ತಿ ಬಂತು, ಈಗ ಅವಳು ಅದನ್ನು ಶೀಶೆಯಲ್ಲಿ ಮಾರುತ್ತಾಳೆ.

ಸತ್ಕಾರದ ದಿನ ಹಾಲ್ ಕಿಕ್ಕಿರಿದಿತ್ತು. ಮುಂದಿನ ಸಾಲುಗಳಲ್ಲಿ ಹಳೆಯ ಪೈಲ್ವಾನರು, ಎಲ್ಲರೂ ಬಿಳಿ ಬಟ್ಟೆ. ನಮ್ಮವರು ಹೊಸ ಧೋತರ ಉಟ್ಟು ವೇದಿಕೆ ಹತ್ತಿದರು. ಮೆಟ್ಟಿಲ ಮೇಲೆ ಒಂದು ಕೆಮ್ಮು ಬಂತು. ನಿಂತರು, ಚಿಲಕ ಹಾಕಿದರು, ಕೆಮ್ಮಿದರು, ಮುಂದೆ ನಡೆದರು. ನಾನು ಹೆಂಗಸರ ಸಾಲಿನಲ್ಲಿ ಕೂತು ದೇವರನ್ನು ನೆನೆಯುತ್ತಿದ್ದೆ. ಧೋಂಡೀಬಾ ಎಲ್ಲಿ ನಗಿಸಿಬಿಡುತ್ತಾನೋ ಎಂದು ಹೆದರಿಕೆ. ಆದರೆ ಧೋಂಡೀಬಾ ಇವರ ಕಡೆ ತಿರುಗಿಯೂ ನೋಡಲಿಲ್ಲ. ಹಾರ ಹಾಕಿದರು, ಶಾಲು ಹೊದಿಸಿದರು, ಭಾಷಣಗಳಾದವು. ಅವನು ಕಲ್ಲಿನಂತೆ ಕೂತಿದ್ದ.

ಕೊನೆಗೆ ಫೇಟಾ ಕಟ್ಟುವ ಹೊತ್ತು. ನಮ್ಮವರು ಕೇಸರಿ ಬಟ್ಟೆ ಹಿಡಿದು ಎದುರಿಗೆ ನಿಂತರು. ಫೇಟಾ ಕಟ್ಟಿಸಿಕೊಳ್ಳುವವನು ತಲೆ ಬಾಗಿಸಬೇಕು. ಧೋಂಡೀಬಾ ಬಾಗಿಸಲಿಲ್ಲ. ಇವರು ಬರುತ್ತಾರೆಂದು ಅವನು ಎಣಿಸಿರಲೇ ಇಲ್ಲವೋ ಏನೋ, ಒಂದು ವರ್ಷ ನುಂಗಿಕೊಂಡದ್ದೆಲ್ಲ ಆಗ ಬಾಯಿಗೆ ಬಂತು. ಮೈಕ್ ಮುಂದೆಯೇ ಇತ್ತು.

"ಅಧ್ಯಕ್ಷರ ಕೈಲೆ ಬ್ಯಾಡ. ನಮ್ಮ ಮಾತಿಗೆ ನಗೂದು ಬಿಟ್ಟವರು ನಮಗ ಫೇಟಾ ಕಟ್ಟೂದು ಬ್ಯಾಡ."

ಇವರ ಕೈಯಲ್ಲಿ ಕೇಸರಿ ಬಟ್ಟೆ ಹಾಗೇ ನಿಂತಿತು. ಆರಡಿಯ ಮನುಷ್ಯ ಅಲ್ಲಿ ಮಗುವಿನಂತೆ ಕಂಡರು, ನನಗೆ ಎದ್ದು ಹೋಗಿ ಧೋಂಡೀಬಾನ ಕೆನ್ನೆಗೆ ಹೊಡೆಯಬೇಕು ಅನ್ನಿಸಿತು. ನಮ್ಮವರು ಒಂದು ಸಲ ನನ್ನ ಕಡೆ ನೋಡಿದರು. ಆಮೇಲೆ ಮೈಕಿನ ಹತ್ತಿರ ಬಾಗಿದರು.

"ಧೋಂಡ್ಯಾ, ಸೊಕ್ಕಲ್ಲೋ. ಆಪರೇಷನ್ ಆದಾಗಿಂದ ನಕ್ಕರ ನನಗ ಉಚ್ಚಿ ನಿಲ್ಲೂದಿಲ್ಲ. ಅದಕ್ಕ ನಿನ್ನಿಂದ ದೂರ ಉಳದೆ. ನೀ ಎದುರಿಗೆ ಬಂದ್ರ ಸಾಕು, ನನಗ ನಗಿ ಬರ್ತೈತಿ."

ಧೋಂಡೀಬಾ ಇವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಕಣ್ಣೊರೆಸಿಕೊಂಡು ಮೈಕನ್ನು ತನ್ನ ಕಡೆ ಎಳೆದುಕೊಂಡ.

"ಐವತ್ತ ವರ್ಷ ಈ ಮಗನ್ನ ಕೆಡವಾಕ ಹೆಣಗೇನಿ, ಒಂದ ಸಲಾನೂ ಬೀಳಲಿಲ್ಲ. ಒಂದ ಜೋಕಿಗೆ ಹೋಗ್ತಾನಂತ ಮೊದಲ ಗೊತ್ತಿದ್ರ ನಾ ಕುಸ್ತಿ ಯಾಕ ಕಲೀತಿದ್ದೆ?"

ಹೇಳಿ ತಲೆ ಬಾಗಿಸಿದ. ನಮ್ಮವರ ಮುಖ ಸಡಿಲವಾಗಿಯೇ ಇತ್ತು, ಹೊರಗಿನವರಿಗೆ ಏನೂ ಗೊತ್ತಾಗಲಿಲ್ಲ, ನನಗೊಬ್ಬಳಿಗೇ ಗೊತ್ತಾಯಿತು. ಪಂಚಗಂಗೆಗೆ ಇಳಿದರು. ಆಮೇಲೆ ನಕ್ಕರು. ಫೇಟಾ ಕಟ್ಟುತ್ತ ನಕ್ಕರು, ಸುತ್ತು ತಪ್ಪಿ ಮತ್ತೆ ಬಿಚ್ಚಿ ನಕ್ಕರು, ಮೈಕ್ ಕಿರುಚಿತು, ಮುಂದಿನ ಸಾಲಿನ ಪೈಲ್ವಾನರೆಲ್ಲ ನಗುತ್ತಲೇ ಕತ್ತು ಚಾಚಿ ಧೋತರವನ್ನೇ ನೋಡುತ್ತಿದ್ದರು. ಧೋತರ ಗರಿಗರಿಯಾಗಿತ್ತು. ಅಷ್ಟು ಜನ ಸೇರಿ ಒಂದು ಧೋತರವನ್ನು ಅಷ್ಟು ಹೊತ್ತು ನೋಡಿದ್ದು ನಾನು ಬೇರೆಲ್ಲೂ ಕಂಡಿಲ್ಲ. ಪಂಕ್ತಿಗೆ ಏಳುವ ಮುಂಚೆ ಅವರಲ್ಲಿ ನಾಲ್ಕು ಮಂದಿ ಒಬ್ಬೊಬ್ಬರಾಗಿ ಇವರ ಪಕ್ಕಕ್ಕೆ ಬಂದು, ಎಲ್ಲೋ ನೋಡುತ್ತ, ಆ ಹುಡುಗಿಯ ಕ್ಲಿನಿಕ್ ಎಲ್ಲಿ ಎಂದು ಕೇಳಿಕೊಂಡು ಹೋದರು.

ನಾನೂ ನಕ್ಕಿದ್ದೆ. ಎಷ್ಟು ನಕ್ಕೆ ಎಂದರೆ ಪಕ್ಕದವರ ಹೆಗಲಿಗೆ ಒರಗಬೇಕಾಯಿತು. ಎಲ್ಲರೂ ಊಟಕ್ಕೆ ಎದ್ದರೂ ನಾನು ಮಾತ್ರ ಏಳಲಿಲ್ಲ. ನಮ್ಮವರು ಹುಡುಕಿಕೊಂಡು ಬಂದು, ಏನಾಯಿತು, ಮಟನ್ ಆರುತ್ತಿದೆ ಎಂದರು. ಸೀರೆ ಒಣಗಲಿ, ಆಮೇಲೆ ಬರುತ್ತೇನೆ ಎಂದೆ. ಅವರಿಗೆ ತಿಳಿಯಲಿಲ್ಲ. ನನಗೂ ಯಾವಾಗಲೂ ಹೀಗೇ, ಜೋರಾಗಿ ನಕ್ಕರೆ, ಭಾರ ಎತ್ತಿದರೆ ಎಂದು ಹೇಳಿದೆ. ಅದರಲ್ಲಿ ಹೇಳುವಂಥದ್ದೇನಿದೆ ಎಂದೇ ನಾನು ತಿಳಿದುಕೊಂಡಿದ್ದು. ನಮ್ಮ ಅವ್ವನಿಗೂ ಹಾಗೇ ಇತ್ತು, ಅಕ್ಕಂದಿರಿಗೂ ಇದೆ. ಗಂಡಸಿಗೆ ಬಂದರೆ ಅದು ರೋಗ, ನಮಗೆ ಬಂದರೆ ಅದು ಹೆಂಗಸಾದದ್ದು.

"ಎಂದಿನಿಂದ?" ಎಂದರು.

"ಸಣ್ಣವ ಹುಟ್ಟಿದಾಗಿಂದ."

ಸಣ್ಣವನಿಗೆ ಈಗ ಮೂವತ್ತೆಂಟು. ನಮ್ಮವರು ಪಕ್ಕದ ಕುರ್ಚಿಯಲ್ಲಿ ಕುಸಿದು ಕೂತರು. ನನಗೊಂದು ಮಾತು ಯಾಕೆ ಹೇಳಲಿಲ್ಲ ಎಂದರು. ನೀವು ಕೇಳಲಿಲ್ಲ ಎಂದೆ. ನಾನೇನೂ ಚುಚ್ಚಲು ಹೇಳಲಿಲ್ಲ, ಇದ್ದದ್ದನ್ನು ಹೇಳಿದೆ. ಅವತ್ತು ಅವರು ಮಟನ್ ಮುಟ್ಟಲಿಲ್ಲ. ನನ್ನ ಸೀರೆ ಒಣಗುವವರೆಗೆ ಆ ಖಾಲಿ ಹಾಲಿನಲ್ಲಿ ಪಕ್ಕದಲ್ಲೇ ಕೂತಿದ್ದರು.

ಮರುದಿನ ಬೆಳಗ್ಗೆ ಕ್ಲಿನಿಕ್ಕಿನಲ್ಲಿ ನಮ್ಮವರ ಉಪರಣೆ ಹೆಗಲ ಮೇಲೆಯೇ ಇತ್ತು, ಮುಖಕ್ಕೆ ಹೋಗಲಿಲ್ಲ. ಅನುಜಾ ಸತ್ಕಾರದ ಸುದ್ದಿ ಕೇಳಿ ಖುಷಿಪಟ್ಟು, ಮಲಗಿ ಕಾಕಾ ಎಂದಳು. ಇವತ್ತು ಪಾಳಿ ನನ್ನದಲ್ಲ ಎಂದು ನಮ್ಮವರು ನನ್ನನ್ನು ಮುಂದೆ ದಬ್ಬಿ ಮಂಚದ ಮೇಲೆ ಕೂರಿಸಿದರು. ಎಷ್ಟು ದಿನದಿಂದ ತೊಂದರೆ ಕಾಕೂ ಎಂದು ಅವಳು ಕೇಳಿದಳು. ನಾನು ಅಭ್ಯಾಸಬಲದಿಂದ, ಅಂಥದ್ದೇನಿಲ್ಲ ಬಿಡವ್ವಾ ಎನ್ನಲು ಬಾಯಿ ತೆರೆದೆ.

"ಮೂವತ್ತೆಂಟ ವರ್ಷ" ಎಂದರು ನಮ್ಮವರು. "ಒಂದ ಮಾತು ಆಡಲಾರದ ತಡಕೊಂಡಾಳ. ನಾ ಒಂದ ವರ್ಷಕ್ಕ ಮನಿ ಎಲ್ಲಾ ತಲಿಕೆಳಗ ಮಾಡಿದ್ದೆ." ಹೇಳಿ, ತಿರುಗಿ ಗೋಡೆಯ ಎಲುಬಿನ ಚಿತ್ರ ನೋಡುತ್ತ ನಿಂತರು.

ಪುಣ್ಯಕ್ಕೆ ನನಗೆ ಬಂದದ್ದು ಅಳು. ನಗು ಬಂದಿದ್ದರೆ ಅನುಜಾಳ ಮಂಚದ ಮೇಲೆ ಫಜೀತಿಯಾಗುತ್ತಿತ್ತು.